ಸೆಲ್ಯುಲೈಟ್‌ಗೆ ಸಲೂನ್ ಪ್ಯಾಕೇಜ್ ತಗೋಬೋದಾ, ಇಲ್ಲ ದುಡ್ಡು ದಂಡನಾ?

ಗುಬ್ಬಚ್ಚಿ_22:
ತೊಡೆ ಹಿಂದೆ ಚರ್ಮ ಗುಳಿ ಗುಳಿ ಇದೆ ನಂಗೆ, ಅದೇ ಸೆಲ್ಯುಲೈಟ್ ಅಂತಾರಲ್ಲ, ಕಾಲೇಜ್ ದಿನದಿಂದಾನೂ, ಹಾಗಂತ ದಪ್ಪ ಏನಿಲ್ಲ. ಮೊನ್ನೆ ಹೇರ್‌ಕಟ್‌ಗೆ ಹೋದಾಗ ಅಲ್ಲಿನ ಹುಡುಗಿ ಒಂದು ಪ್ಯಾಕೇಜ್ ಬಗ್ಗೆ ಶುರು ಹಚ್ಕೊಂಡ್ಲು, ಹನ್ನೆರಡು ಸಿಟ್ಟಿಂಗ್, ರೋಲರ್ ಮಸಾಜು, ಆರ್‌ಎಫ್ (ರೇಡಿಯೋ ತರಂಗದಿಂದ ಚರ್ಮ ಬಿಸಿ ಮಾಡೋದು), ಬಾಡಿ ರ್‍ಯಾಪ್ ಎಲ್ಲಾ ಸೇರಿ, ಇವತ್ತೇ ಬುಕ್ ಮಾಡಿದ್ರೆ ಎರಡು ಸಿಟ್ಟಿಂಗ್ ಫ್ರೀ ಅಂತೆ. ರೇಟ್ ಕೇಳಿ ತಲೆ ಗಿರ್ರ್ ಅಂತು, ಹೆಚ್ಚೂ ಕಮ್ಮಿ ನನ್ನ ಒಂದು ತಿಂಗಳ ಸಂಬಳ. ಯಾರಾದ್ರೂ ಮಾಡಿಸ್ಕೊಂಡಿದೀರಾ? ನಿಜವಾಗ್ಲೂ ಹೋಗುತ್ತಾ?

ಸುಮ್ನೆ_ಇರಲಾರೆ:
ನಾನು ಮಾಡಿಸ್ಕೊಂಡು ಕೈ ಸುಟ್ಕೊಂಡೋಳು, ಹೇಳ್ತೀನಿ ಕೇಳು. ರ್‍ಯಾಪ್ ಅಂದ್ರೆ ಏನೋ ಲೇಪ ಹಚ್ಚಿ ಪ್ಲಾಸ್ಟಿಕ್ ಸುತ್ತಿ ಮೇಲೆ ಹೀಟಿಂಗ್ ಬ್ಲಾಂಕೆಟ್ ಹೊದಿಸಿ ಮಲಗಿಸ್ತಾರೆ, ಮುಕ್ಕಾಲು ಗಂಟೆ ಬೆವರು ಕಿತ್ಕೊಂಡು ಬರುತ್ತೆ, ಆಮೇಲೆ ಟೇಪ್ ಹಿಡಿದು ಅಳೆದು "ನೋಡಿ ಮೇಡಂ ಒಂದೂವರೆ ಸೆಂಟಿಮೀಟರ್ ಇಳಿದಿದೆ" ಅಂತಾರೆ. ಖುಷಿಯಾಗಿ ಮನೆಗೆ ಬಂದೆ. ಮಾರನೇ ದಿನ ಅನುಮಾನ ಬಂದು ನಾನೇ ಅಳೆದ್ರೆ ಹಳೇ ಅಳತೆನೇ! ಇಳಿದಿದ್ದು ಬರೀ ನೀರು, ಎರಡು ಲೋಟ ನೀರು ಕುಡಿದ್ರೆ ವಾಪಸ್. ಇನ್ನೊಂದು ತಮಾಷೆ ಏನಂದ್ರೆ ಮೊದಲನೇ ಸಲ ಅಳೆಯೋವಾಗ ಟೇಪ್ ಸಡಿಲವಾಗಿ ಹಿಡಿದಿದ್ರು, ಆಮೇಲೆ ಬಿಗಿಯಾಗಿ ಎಳೆದ್ರು, ನಂಗೆ ಇದು ಹೊಳೆದಿದ್ದು ಆರನೇ ಸಿಟ್ಟಿಂಗ್‌ನಲ್ಲಿ 🤦‍♀️

ರೋಲರ್ ಮಸಾಜ್ ಬಗ್ಗೆ ಮಾತ್ರ ಸುಳ್ಳು ಹೇಳಲ್ಲ, ಆ ಮೆಷಿನ್ ಚರ್ಮ ಹೀರ್ಕೊಂಡು ಉರುಳ್ಸುತ್ತೆ, ಕೆಲವು ವಾರ ನುಣ್ಣಗೆ ಕಾಣ್ತಿತ್ತು. ನಿಲ್ಸಿದ್ಮೇಲೆ ಯಥಾಪ್ರಕಾರ.

ಸ್ಕಿನ್_ಕ್ಲಿನಿಕ್_ರಿಸೆಪ್ಷನ್:
ನಾನು ಡಾಕ್ಟರ್ ಅಲ್ಲ, ಡಾಕ್ಟರ್ ದಿನಾ ಪೇಷೆಂಟ್‌ಗೆ ಹೇಳೋದು ಕೇಳಿ ಕೇಳಿ ಬಾಯಿಪಾಠ ಆಗಿದೆ. ಚರ್ಮದಿಂದ ಒಳಗಿನ ಮಾಂಸಖಂಡದ ಕಡೆಗೆ ನಾರಿನ ಎಳೆಗಳಿರುತ್ತೆ, ಹೆಂಗಸರಲ್ಲಿ ಅವು ಹೆಚ್ಚಾಗಿ ನೇರ ಕೆಳಗಿಳಿಯುತ್ತೆ, ಗಂಡಸರಲ್ಲಿ ಅಡ್ಡಡ್ಡ ಜಾಲರಿ ಥರ. ಎಳೆ ಚರ್ಮನ ಕೆಳಗೆ ಜಗ್ಗುತ್ತೆ, ಮಧ್ಯದ ಕೊಬ್ಬು ಮೇಲಕ್ಕೆ ತಳ್ಳುತ್ತೆ, ಹಾಸಿಗೆಗೆ ಟಾಕಿ ಹಾಕಿದ್ರೆ ಅಲ್ಲಲ್ಲಿ ಗುಳಿ ಬೀಳುತ್ತಲ್ಲ ಹಾಗೆ. 100ರಲ್ಲಿ 80-90 ಹೆಂಗಸರಿಗೆ ಇರುತ್ತಂತೆ, ಸಣ್ಣ ಇರೋರಿಗೂ. ಮೇಲಿಂದ ಉಜ್ಜಿದ್ರೆ ಆ ಎಳೆ ಕಡಿಯುತ್ತಾ ಹೇಳಿ.

ಆರ್‌ಎಫ್ ಚರ್ಮನ ಬಿಸಿ ಮಾಡಿ ಸ್ವಲ್ಪ ಬಿಗಿ ಮಾಡುತ್ತೆ, ಆದ್ರೆ ಆಗಾಗ ಮಾಡಿಸ್ತಾನೇ ಇರ್ಬೇಕು, ಖರ್ಚು ಅಲ್ಲೇ ಏರೋದು. ಎಳೆನೇ ಕತ್ತರಿಸೋದಕ್ಕೆ ಸಬ್‌ಸಿಷನ್ ಅಂತಿದೆ, ಮರಗಟ್ಟೋ ಇಂಜೆಕ್ಷನ್ ಕೊಟ್ಟು ಡಾಕ್ಟರೇ ಮಾಡೋದು, ವರ್ಷಗಟ್ಟಲೆ ಉಳಿಯುತ್ತೆ, ಆದ್ರೆ ನೀಲಿಗಟ್ಟುತ್ತೆ, ನೋವೂ ಇದೆ. ಎಳೆ ಕರಗಿಸೋ ಒಂದು ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2020ರಲ್ಲಿ ಅನುಮತಿ ಸಿಕ್ಕಿತ್ತು, ವಿಪರೀತ ನೀಲಿಗಟ್ಟಿ ಕಲೆ ಉಳಿಯುತ್ತೆ ಅನ್ನೋ ಕಾರಣಕ್ಕೆ 2022ರ ಕೊನೆಗೆ ಕಂಪನಿನೇ ನಿಲ್ಸಿಬಿಡ್ತು.

ಗುಬ್ಬಚ್ಚಿ_22:
ಅಯ್ಯೋ ಸೂಜಿ ಅಂದ್ರೆ ನಂಗಾಗಲ್ಲ 😅 ಆದ್ರೆ ಅವ್ರು ತೋರ್ಸಿದ ಬಿಫೋರ್-ಆಫ್ಟರ್ ಫೋಟೋ ಚೆನ್ನಾಗಿತ್ತಲ್ಲ?

ಟ್ಯೂಬ್‌ಲೈಟ್:
ಗುಬ್ಬಚ್ಚಿ, ಈಗ್ಲೇ ಒಂದು ಕೆಲಸ ಮಾಡಮ್ಮ. ಮೇಲಿನ ಲೈಟ್ ಹಾಕಿ, ಗಟ್ಟಿಯಾಗಿ ಕಾಲೂರಿ ನಿಂತು ಒಂದು ಫೋಟೋ ತೆಗಿ, ಆಮೇಲೆ ಕಿಟಕಿಗೆ ಬೆನ್ನು ಹಾಕಿ ನಿಂತು, ಕಾಲು ಸಡಿಲ ಬಿಟ್ಟು ಇನ್ನೊಂದು. ನಯಾಪೈಸೆ ಖರ್ಚಿಲ್ದೆ ನಿಂಗೂ ಬಿಫೋರ್-ಆಫ್ಟರ್ ರೆಡಿ. ನಾನು ಮೂರು ವರ್ಷ ಅಂಥ ಜಾಗದಲ್ಲೇ ಕೆಲಸ ಮಾಡ್ದೋಳು, ಬಿಫೋರ್ ಫೋಟೋಗೆ ಗುಳಿ ಎದ್ದು ಕಾಣೋ ಹಾಗೆ ಮೇಲಿನ ಲೈಟ್ ಹಾಕೋದನ್ನ ನಮಗೆ ಟ್ರೈನಿಂಗ್‌ನಲ್ಲೇ ಹೇಳ್ಕೊಟ್ಟಿದ್ರು. ಮದ್ವೆಗೋ ಟ್ರಿಪ್‌ಗೋ ಸ್ವಲ್ಪ ದಿನ ನೀಟಾಗಿ ಕಂಡ್ರೆ ಸಾಕು ಅಂದ್ರೆ ರೋಲರ್ ಒಂದೇ ಬಿಡಿ ಸಿಟ್ಟಿಂಗ್ ತಗೋ, ಪ್ಯಾಕೇಜ್ ಮುಟ್ಬೇಡ. ಮಧ್ಯದಲ್ಲಿ ಬಿಟ್ರೆ ದುಡ್ಡು ವಾಪಸ್ ಕೊಡ್ತೀರಾ ಅಂತ ಬರವಣಿಗೆಯಲ್ಲಿ ಕೇಳಿ ನೋಡು, ಮುಖ ಹೇಗಾಗುತ್ತೆ ಅಂತ.

ಗುಬ್ಬಚ್ಚಿ_22:
ಎರಡೂ ಫೋಟೋ ತೆಗ್ದೆ. ಥೂ, ನಿಜ ಕಣ್ರೀ! ನಾಳೆ ಆ ಹುಡುಗಿ ಫೋನ್ ಮಾಡ್ತೀನಿ ಅಂದಿದಾಳೆ, ಬಿಡಿ ಸಿಟ್ಟಿಂಗ್ ಇದ್ಯಾ ಅಂತ ಮಾತ್ರ ಕೇಳ್ತೀನಿ.