ಹಳೆಯ ಜೀಪು ಕೊಂಡು ಘಟ್ಟದ ದಾರಿ ಹಿಡಿಯುವವರಿಗೆ: ಪ್ರಶ್ನೋತ್ತರ

ಪ್ರಶ್ನೆ (ಬೆಂಗಳೂರಿನ ಸದಸ್ಯರಿಂದ):
ನಮಸ್ಕಾರ ಸರ್. ನಾನೂ ನನ್ನ ಪತ್ನಿಯೂ ಹಳೆಯ ಜೀಪೊಂದನ್ನು ಕೊಂಡು, ಮಳೆಗಾಲ ಮುಗಿದ ಮೇಲೆ ಹಾಸನ, ಮೂಡಿಗೆರೆ, ಚಾರ್ಮಾಡಿ ಘಟ್ಟದ ಮೂಲಕ ಕರಾವಳಿಗೆ ಇಳಿದು, ಉಡುಪಿ, ಕೊಲ್ಲೂರು ನೋಡಿಕೊಂಡು, ಆಗುಂಬೆ ಹತ್ತಿ ಹಿಂದಿರುಗಬೇಕೆಂದಿದ್ದೇವೆ. ಮೂರು ಗಾಡಿಗಳು ಕಣ್ಣಿಗೆ ಬಿದ್ದಿವೆ. ಕೊಯಮತ್ತೂರಿನಲ್ಲಿ '1944ರ ವಿಲ್ಲೀಸ್' (ಎರಡನೆಯ ಮಹಾಯುದ್ಧದ ಅಮೆರಿಕನ್ ಜೀಪು) ಎಂದು ಹೇಳುತ್ತಿರುವ ಒಂದು, ಮೂಡಿಗೆರೆಯ ಕಾಫಿ ತೋಟದಲ್ಲಿರುವ ಪೆಟ್ರೋಲ್ ಮಹೀಂದ್ರ ಸಿಜೆ 3ಬಿ, ಹುಬ್ಬಳ್ಳಿಯ ಡೀಸೆಲ್ ಎಂಎಂ 540. ಮೊದಲನೆಯದಕ್ಕೆ ಉಳಿದೆರಡರ ಬೆಲೆ ಕೂಡಿಸಿದರೂ ಸಾಲದಷ್ಟು ಹಣ ಕೇಳುತ್ತಿದ್ದಾರೆ. ಅದರ ಚಿತ್ರಗಳನ್ನು ಲಗತ್ತಿಸಿದ್ದೇನೆ. ಯಾವುದನ್ನು ಕೊಳ್ಳುವುದು ಸರಿ?

ಉತ್ತರ (ಜೀಪು ದುರಸ್ತಿ ಮಾಡುವ ಮೆಕ್ಯಾನಿಕ್):
ಮಾನ್ಯರೇ, ಮೊದಲು ಕೊಯಮತ್ತೂರಿನ ಗಾಡಿಯ ವಿಷಯವನ್ನು ಹೇಳುತ್ತೇನೆ, ಏಕೆಂದರೆ ನಿಮ್ಮ ಹಣಕ್ಕೆ ಅಪಾಯವಿರುವುದು ಅಲ್ಲಿಯೇ. ನೀವು ಕಳಿಸಿದ ಚಿತ್ರದಲ್ಲಿ ಮುಂದಿನ ಗ್ರಿಲ್ಲಿನ ಸೀಳುಗಳನ್ನು ಎಣಿಸಿ ನೋಡಿ, ಏಳು ಇವೆ. ಎರಡನೆಯ ಮಹಾಯುದ್ಧದ ವಿಲ್ಲೀಸ್ 'ಎಂ.ಬಿ.' ಮಾದರಿಗೂ ಅದರ ಜೋಡಿಯಾಗಿ ಫೋರ್ಡ್ ತಯಾರಿಸಿದ 'ಜಿ.ಪಿ.ಡಬ್ಲ್ಯೂ.' ಮಾದರಿಗೂ ಇರುತ್ತಿದ್ದ ಅಚ್ಚೊತ್ತಿದ ತಗಡಿನ ಗ್ರಿಲ್ಲಿನಲ್ಲಿ ಒಂಬತ್ತು ಸೀಳುಗಳಿರುತ್ತವೆ. ಯುದ್ಧದ ಜೀಪಿನ ಮುಂಗಾಜು ನಡುವೆ ಕಂಬಿಯಿಂದ ಎರಡು ಭಾಗವಾಗಿರುತ್ತದೆ, ನಿಮ್ಮ ಚಿತ್ರದಲ್ಲಿರುವುದು ಒಂದೇ ಹಲಗೆಯ ಗಾಜು. ಯುದ್ಧದ ಜೀಪಿಗೆ ಹಿಂದೆ ತೆರೆಯುವ ಬಾಗಿಲಿಲ್ಲ, ಇದಕ್ಕೆ ಇದೆ. ಎಲ್ಲಕ್ಕಿಂತ ಮಿಗಿಲಾಗಿ ಬಾನೆಟ್ ಎತ್ತರವಾಗಿದೆ. 1953ರಿಂದ ಬಂದ ಸಿಜೆ 3ಬಿ ಮಾದರಿಯ ಎಂಜಿನ್ನಿನಲ್ಲಿ ಇನ್‌ಟೇಕ್ ವಾಲ್ವುಗಳು (ಗಾಳಿ, ಪೆಟ್ರೋಲ್ ಒಳಗೆ ಬಿಡುವ ಕವಾಟಗಳು) ಹೆಡ್ಡಿನ ಮೇಲೆ ಬಂದದ್ದರಿಂದ ಎಂಜಿನ್ ಎತ್ತರವಾಯಿತು, ಅದಕ್ಕಾಗಿಯೇ ಬಾನೆಟ್ಟನ್ನೂ ಏರಿಸಬೇಕಾಯಿತು. ಆದ್ದರಿಂದ ಅದು ಸೈನ್ಯದ ಹಸಿರು ಬಣ್ಣ ಬಳಿದು, ಬಿಳಿ ನಕ್ಷತ್ರ ಬಿಡಿಸಿದ ಮಹೀಂದ್ರ ಸಿಜೆ 3ಬಿ ಎಂದೇ ನನ್ನ ತೀರ್ಮಾನ. ಆ ಗಾಡಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆದರೆ ಯುದ್ಧದ ಜೀಪಿನ ಬೆಲೆಯನ್ನು ಅದಕ್ಕೆ ಕೊಡಬೇಡಿ.

ಇನ್ನು ಉಳಿದ ಎರಡು. ಜೀಪಿನಲ್ಲಿ ಎಂಜಿನ್, ಗೇರ್‌ಬಾಕ್ಸ್, ತಗಡು ಎಲ್ಲವನ್ನೂ ಬದಲಿಸಬಹುದು, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಬಹುತೇಕ ಸಾಮಾನು ಸಿಗುತ್ತದೆ. ಬದಲಿಸಲಾಗದ್ದು ಚಾಸಿ, ಅಂದರೆ ಇಡೀ ಗಾಡಿಯನ್ನು ಹೊತ್ತ ಉಕ್ಕಿನ ಚೌಕಟ್ಟು, ಮತ್ತು ಅದರ ಮೇಲೆ ಕೊರೆದ ಸಂಖ್ಯೆ ಮಾತ್ರ. ಸಂಖ್ಯೆ ಇರುವ ಜಾಗವನ್ನು ಚಿಂದಿಯಿಂದ ಒರೆಸಿ, ಕಾಗದವಿಟ್ಟು ಪೆನ್ಸಿಲ್ಲಿನಿಂದ ತಿಕ್ಕಿ ಅಚ್ಚು ತೆಗೆಯಿರಿ. ಅಂಕಿಗಳ ಸುತ್ತ ಗ್ರೈಂಡರ್ ಆಡಿಸಿದ ಗೀರುಗಳಿದ್ದರೆ, ಅಥವಾ ಆ ತುಂಡಿನ ಎರಡೂ ಪಕ್ಕ ವೆಲ್ಡಿಂಗ್ ಗೆರೆ ಕಂಡರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಹಿಂದಿರುಗಿ ಬನ್ನಿ. ಹರಿಯಾಣದ ಮಂಡಿ ಡಬ್ವಾಲಿಯಂತಹ ಊರುಗಳಲ್ಲಿ ಹೊಸ ತಗಡಿನ ಜೀಪುಗಳನ್ನು ಬೇಡಿಕೆಯಂತೆ ಕಟ್ಟಿಕೊಡುವ ವ್ಯಾಪಾರವೇ ಇದೆ. ಕಟ್ಟುವ ಕೆಲಸಗಾರರ ಕೈಚಳಕವನ್ನು ನಾನು ಮೆಚ್ಚುತ್ತೇನೆ, ಆದರೆ ಗುಜರಿಗೆ ಹೋದ ಗಾಡಿಯ ಆರ್‌.ಸಿ.ಯನ್ನು ಬೇರೊಂದು ಚಾಸಿಗೆ ಹೊಂದಿಸಿ ಮಾರಿದ ಜೀಪು ಯಾರ ಕೈಗೆ ಬಂದರೂ ತಪಾಸಣೆಯ ದಿನ ಸಿಕ್ಕಿಬೀಳುವವರು ಕೊಂಡವರೇ.

ಚಾಸಿಯ ಬಿರುಕುಗಳನ್ನು ಮುಂದಿನ ಲೀಫ್ ಸ್ಪ್ರಿಂಗ್ ಹಿಡಿದಿರುವ ಬ್ರಾಕೆಟ್ಟುಗಳ ಬಳಿ ಮತ್ತು ಸ್ಟೇರಿಂಗ್ ಬಾಕ್ಸ್ ಕೂರುವಲ್ಲಿ ಹುಡುಕಬೇಕು. ತೋಟದ ಜೀಪುಗಳು ಹಳ್ಳದ ದಾರಿಯಲ್ಲಿ ಹೊರೆ ಹೊತ್ತು ದುಡಿದಿರುವುದರಿಂದ ಅಲ್ಲಿ ಬಿರುಕು ಸಾಮಾನ್ಯ. ಚಾಲಕನ ಆಸನದ ಕೆಳಗೆ ಪೆಟ್ರೋಲ್ ಟ್ಯಾಂಕ್ ಕೂರುವ ತಗಡಿಗೂ ಟಾರ್ಚ್ ಬಿಡಿ, ಮಲೆನಾಡಿನ ತುಕ್ಕು ಹೆಚ್ಚಾಗಿ ಮೊದಲು ತಿನ್ನುವುದು ಅದನ್ನೇ. ಕೊನೆಗೆ ಮುಂದಿನ ಚಕ್ರವನ್ನು ಜಾಕಿನಿಂದ ಎತ್ತಿ, ಮೇಲೂ ಕೆಳಗೂ ಹಿಡಿದು ಅಲುಗಾಡಿಸಿ. ಲಟಪಟ ಎಂದರೆ ಮುಂದಿನ ಚಕ್ರ ಎಡಬಲ ತಿರುಗಲು ಆಧಾರವಾದ ಕಿಂಗ್‌ಪಿನ್ ಬೇರಿಂಗ್ ಸವೆದಿದೆ ಎಂದರ್ಥ. ಹಾಗೇ ಓಡಿಸಿದರೆ ಹೊಂಡ ಹಾರಿದೊಡನೆ ಸ್ಟೇರಿಂಗ್ ಕೈ ಬಿಡುವಂತೆ ನಡುಗುತ್ತದೆ.

ನನ್ನ ಆಯ್ಕೆ ಕೇಳಿದರೆ, ಚಾಸಿ ನೇರವಾಗಿದ್ದು ಆರ್‌.ಸಿ. ಊರ್ಜಿತವಾಗಿದ್ದರೆ ಮೂಡಿಗೆರೆಯ ಸಿಜೆ 3ಬಿ. ಮನೆಯವರಿಬ್ಬರೂ ಗಾಡಿಯ ಕೆಲಸ ಕಲಿಯಲು ಸಿದ್ಧರಿಲ್ಲದಿದ್ದರೆ ಎಂಎಂ 540. ಅದರ ಪ್ಯೂಜೋ ವಿನ್ಯಾಸದ ಡೀಸೆಲ್ ಎಂಜಿನ್ನನ್ನು ಬಿಚ್ಚಿ ಜೋಡಿಸಬಲ್ಲವರು ನಿಮ್ಮ ದಾರಿಯಲ್ಲಿ ಇಂದಿಗೂ ಸಿಗುತ್ತಾರೆ, ಏಕೆಂದರೆ ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿಗೆ ಜನರನ್ನು ಹತ್ತಿಸುವುದು ಈಗಲೂ ಜೀಪುಗಳೇ.

ಮರುಪ್ರಶ್ನೆ (ಅದೇ ಸದಸ್ಯರ ಪತ್ನಿಯಿಂದ):
ವಿವರವಾದ ಉತ್ತರಕ್ಕೆ ಧನ್ಯವಾದಗಳು ಸರ್. ತೋಟದ ಜೀಪಿನ ಆರ್‌.ಸಿ.ಯಲ್ಲಿ 1968 ಎಂದಿದೆ. ಐವತ್ತು ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ಸಿಗುತ್ತದೆಂದೂ, ಅದನ್ನೇ ಮಾಡಿಸಿದರೆ ಒಳ್ಳೆಯದೆಂದೂ ಮಾರುವವರು ಹೇಳುತ್ತಿದ್ದಾರೆ. ಮಾಡಿಸಬಹುದೇ?

ಉತ್ತರ:
ಮೇಡಂ, ನೀವು ಪ್ರವಾಸ ಹೋಗುವವರಾದ್ದರಿಂದ ಮಾಡಿಸಬೇಡಿ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ ಈ ವ್ಯವಸ್ಥೆ ಒಳ್ಳೆಯ ಉದ್ದೇಶದ್ದೇ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರುವ, ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗದ ಸ್ವಂತ ಬಳಕೆಯ ಗಾಡಿಗಳಿಗೆ ಅದು ಅನ್ವಯಿಸುತ್ತದೆ. ಹೊಸದಾಗಿ ನೋಂದಾಯಿಸಲು ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಹೊಸ ನೋಂದಣಿಗೆ 'ವಿಎ' ಅಕ್ಷರಗಳಿರುವ ಸಂಖ್ಯೆ. ಹಿಂದೆಯೇ ನೋಂದಣಿಯಾಗಿದ್ದರೆ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಆದರೆ ಹಾಗೆ ನೋಂದಣಿಯಾದ ಗಾಡಿಯನ್ನು ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಮುಂತಾದ ಉದ್ದೇಶಗಳಿಗೆ ಮಾತ್ರ ರಸ್ತೆಗೆ ಇಳಿಸಬಹುದು, ನಿತ್ಯದ ಓಡಾಟಕ್ಕೆ ಅಲ್ಲ. ಗಂಡ ಹೆಂಡತಿ ಕೊಲ್ಲೂರಿಗೆ ಹೋಗಿಬರುವುದು ಆ ಪಟ್ಟಿಯಲ್ಲಿ ಇಲ್ಲ.

ಆದ್ದರಿಂದ ಸಾಮಾನ್ಯ ನೋಂದಣಿಯನ್ನೇ ಉಳಿಸಿಕೊಳ್ಳಿ. 15 ವರ್ಷ ದಾಟಿದ ಖಾಸಗಿ ಗಾಡಿಗೆ ಆರ್‌.ಟಿ.ಒ. ಕಚೇರಿಯಲ್ಲಿ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು, ಜನ ಅದನ್ನೇ ಎಫ್‌.ಸಿ. ಎನ್ನುತ್ತಾರೆ. ಈ ನವೀಕರಣವನ್ನು ಮಾರುವವರ ಹೆಸರಿನಲ್ಲೇ ಮುಗಿಸಿಕೊಡಲು ಕೇಳಿ, ಆಮೇಲೆ ಪೂರ್ತಿ ಹಣ ಕೊಡಿ. ಆರ್‌.ಸಿ.ಯಲ್ಲಿ ಪೆಟ್ರೋಲ್ ಎಂದಿದ್ದು ಬಾನೆಟ್ ಕೆಳಗೆ ಡೀಸೆಲ್ ಎಂಜಿನ್ ಇದ್ದರೆ ಆ ಬದಲಾವಣೆ ಅನುಮತಿಯೊಡನೆ ದಾಖಲಾಗಿದೆಯೇ ಎಂದೂ ನೋಡಿ. ವಿಮೆಯಲ್ಲಿ ಮೂರನೆಯವರ ಹೊಣೆಯ ಭಾಗ ಕಡ್ಡಾಯ. ಸ್ವಂತ ಹಾನಿಯ ಭಾಗ ಬೇಕಿದ್ದರೆ ಇಷ್ಟು ಹಳೆಯ ಗಾಡಿಯ ಮೌಲ್ಯವನ್ನು ಕಂಪನಿಯೊಡನೆ ಮಾತನಾಡಿ ಒಪ್ಪಂದದಿಂದ ನಿಗದಿಪಡಿಸಬೇಕಾಗುತ್ತದೆ.

ಪ್ರಶ್ನೆ (ಪುತ್ತೂರಿನ ಸದಸ್ಯರಿಂದ):
ನನ್ನ ಬಳಿಯೂ 3ಬಿ ಇದೆ. ಈಗಿನ ಪೆಟ್ರೋಲ್ ಹಾಕಿದ ಮೇಲೆ ಬಿಸಿಲಿನಲ್ಲಿ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಘಟ್ಟದಲ್ಲಿ ಇಳಿಯುವಾಗ ಬ್ರೇಕ್ ಬಗ್ಗೆಯೂ ಭಯವಿದೆ. ದಯವಿಟ್ಟು ತಿಳಿಸಿ.

ಉತ್ತರ:
ಬಂಕುಗಳಲ್ಲಿ ಈಗ ಸಿಗುವ ಪೆಟ್ರೋಲಿಗೆ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಅದು ಹಳೆಯ ರಬ್ಬರಿನ ಪೈಪು ಮತ್ತು ಪೆಟ್ರೋಲ್ ಪಂಪಿನ ಡಯಾಫ್ರಾಮನ್ನು ಮೆತ್ತಗೆ ಮಾಡುತ್ತದೆ, ತೇವವನ್ನು ಹೀರಿಕೊಂಡು ಕಾರ್ಬುರೇಟರಿನೊಳಗೆ ಕಿಲುಬು ತರುತ್ತದೆ. ಎಥನಾಲ್ ತಾಳುವ ಪೈಪು ಮತ್ತು ಡಯಾಫ್ರಾಮ್ ಹಾಕಿಸಿ, ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ. ಬಿಸಿಲಿನಲ್ಲಿ ಸ್ಟಾರ್ಟ್ ಆಗದಿರುವುದು ಎಂಜಿನ್ನಿನ ಕಾವಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗುವುದರಿಂದ. ಪೈಪನ್ನು ಎಕ್ಸಾಸ್ಟಿನಿಂದ ದೂರ ಸರಿಸಿ ಕಟ್ಟಿ. ದಾರಿಯಲ್ಲಿ ಕೈಕೊಟ್ಟರೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಸ್ವಲ್ಪ ಹೊತ್ತು ಕಾಯಿರಿ.

ಬ್ರೇಕಿನ ಬಗ್ಗೆ ನಿಮ್ಮ ಭಯ ನ್ಯಾಯವಾದದ್ದು. ಈ ಜೀಪಿನಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ನಾಲ್ಕಕ್ಕೂ ಸೇರಿ ಒಂದೇ. ಒಂದು ಚಕ್ರದಲ್ಲಿ ಆಯಿಲ್ ಸೋರಿದರೂ ಪೆಡಲ್ ನೆಲಕ್ಕೆ ಹೋಗುತ್ತದೆ. ಹೊರಡುವ ಮೊದಲು ನಾಲ್ಕೂ ಡ್ರಮ್ ಬಿಚ್ಚಿಸಿ, ವೀಲ್ ಸಿಲಿಂಡರಿನ ರಬ್ಬರ್ ಟೋಪಿಯನ್ನು ಉಗುರಿನಿಂದ ಎತ್ತಿ ನೋಡಿ, ಒಳಗೆ ಪಸೆ ಕಂಡರೆ ಅದರ ರಬ್ಬರ್ ಕಿಟ್ ಬದಲಿಸದೆ ಕದಲಬೇಡಿ. ಕೈಬ್ರೇಕ್ ಚಕ್ರಗಳ ಮೇಲಲ್ಲ, ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲುಗಳಿಗೆ ಹಂಚುವ ಪೆಟ್ಟಿಗೆ) ಹಿಂದಿನ ಶಾಫ್ಟಿನ ಮೇಲೆ ಕೆಲಸ ಮಾಡುತ್ತದೆ; ಅದನ್ನು ನಿಂತ ಗಾಡಿಗೆ ಬಳಸಿ, ಓಡುವಾಗ ಎಳೆದರೆ ಶಾಫ್ಟು, ಗೇರುಗಳ ಮೇಲೆ ಪೆಟ್ಟು ಬೀಳುತ್ತದೆ.

ಚಾರ್ಮಾಡಿಯಲ್ಲಾದರೆ ಇಳಿಜಾರು ಶುರುವಾಗುವ ಮೊದಲೇ, ಘಟ್ಟದ ಮೇಲಿನ ಕೊಟ್ಟಿಗೆಹಾರದಲ್ಲಿ ಚಹಾ ಕುಡಿದು ಹೊರಡುವಾಗಲೇ, ಎರಡನೆಯ ಗೇರಿಗೆ ಬನ್ನಿ. ಮೂರು ಗೇರಿನ ಈ ಪೆಟ್ಟಿಗೆಯಲ್ಲಿ ಮೊದಲನೆಯ ಗೇರಿಗೆ ಸಿಂಕ್ರೋ (ಗೇರುಗಳ ವೇಗವನ್ನು ಹೊಂದಿಸಿ ಸಲೀಸಾಗಿ ಕೂಡಿಸುವ ಭಾಗ) ಇಲ್ಲದಿರುವುದರಿಂದ ವೇಗ ಏರಿದ ಮೇಲೆ ಅದು ಸುಲಭವಾಗಿ ಬೀಳುವುದಿಲ್ಲ. ಆಗುಂಬೆಯ 14 ತಿರುವುಗಳನ್ನು ಹತ್ತುವಾಗಲೂ ಇದೇ ಕಾರಣಕ್ಕೆ ತಿರುವಿನ ಮೊದಲೇ ಗೇರ್ ಇಳಿಸಿಕೊಳ್ಳಬೇಕು. ಒಣ ಡಾಂಬರಿನ ಮೇಲೆ ಫೋರ್‌ವೀಲ್ ಹಾಕಬೇಡಿ. ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವೆ, ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲದ ಕಾರಣ ಶಾಫ್ಟುಗಳು ಬಿಗಿದುಕೊಂಡು ತಿರುವಿನಲ್ಲಿ ಸ್ಟೇರಿಂಗ್ ಕಲ್ಲಾಗುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ 60 ಕಿಲೋಮೀಟರ್ ಮೀರದೆ ಎಡಕ್ಕೆ ಹೋಗಿ.

ಮರುಪ್ರಶ್ನೆ (ಬೆಂಗಳೂರಿನ ಸದಸ್ಯರಿಂದ):
ಈ ಭಾನುವಾರ ಮೂಡಿಗೆರೆಗೆ ಹೋಗುತ್ತಿದ್ದೇವೆ ಸರ್. ಯಾವ ಹೊತ್ತಿಗೆ ಹೋಗುವುದು ಒಳ್ಳೆಯದು?

ಉತ್ತರ:
ಬೆಳಿಗ್ಗೆಯೇ ಹೋಗಿ, ನೀವು ಬರುವ ಮೊದಲು ಎಂಜಿನ್ ಚಾಲೂ ಮಾಡಬಾರದೆಂದು ಮುಂಚೆಯೇ ತಿಳಿಸಿ. ತಲುಪಿದೊಡನೆ ಎಂಜಿನ್ ಮುಟ್ಟಿ ನೋಡಿ. ತಣ್ಣಗಿದ್ದ ಎಂಜಿನ್ ಹೇಗೆ ಹೊತ್ತಿಕೊಳ್ಳುತ್ತದೆ, ಮೊದಲ ಹೊಗೆ ನೀಲಿಯೋ ಬಿಳಿಯೋ ಎಂಬುದನ್ನು ನಿಮ್ಮಲ್ಲೊಬ್ಬರು ಹಿಂದೆ ನಿಂತು ಗಮನಿಸಿ. ಚಾಸಿ ಸಂಖ್ಯೆಯ ಅಚ್ಚನ್ನೂ ಆರ್‌.ಸಿ.ಯ ಚಿತ್ರವನ್ನೂ ಇಲ್ಲಿ ಎಲ್ಲರೆದುರು ಹಾಕದೆ ನನಗೆ ಖಾಸಗಿಯಾಗಿ ಕಳುಹಿಸಿ, ಮುಂಗಡ ಕೊಡುವ ಮೊದಲು ಹೋಲಿಸಿ ಹೇಳುತ್ತೇನೆ.