ಕಂಟ್ರಿ ಮ್ಯೂಸಿಕ್‌ನ 'ಜಾನಪದ' ಅನ್ನಬಹುದಾ? ಜೊತೆಗೆ 'ಡೈರೆಕ್ಟ್ ಟು ವಿಡಿಯೋ'ಗೆ ಕನ್ನಡದಲ್ಲಿ ಏನಂತೀವಿ?

ಎಲ್ರಿಗೂ ನಮಸ್ಕಾರ,

ನಮ್ಮ ಫಿಲ್ಮ್ ಕ್ಲಬ್‌ನಲ್ಲಿ ಮುಂದಿನ ತಿಂಗಳು 'ಕ್ರೇಜಿ ಹಾರ್ಟ್' ತೋರಿಸ್ತಿದೀವಿ, ಬಂದೋರ ಕೈಗೆ ಕೊಡೋಕೆ ಒಂದು ಪುಟದ ಪರಿಚಯ ಕನ್ನಡದಲ್ಲಿ ಬರೀಬೇಕು. ಬರೀತಾ ಎರಡು ಪದಗಳ ಹತ್ರ ಸಿಕ್ಕಾಕೊಂಡಿದೀನಿ. ಇಲ್ಲಿ ಉತ್ತರ ಕರ್ನಾಟಕದೋರು ಸುಮಾರು ಜನ ಇದೀರಿ, ಮುಖ್ಯವಾಗಿ ನಿಮ್ಮ ಅಭಿಪ್ರಾಯ ಬೇಕು, ಯಾಕೆ ಅಂತ ಕೆಳಗೆ ಹೇಳ್ತೀನಿ.

ಸಿನಿಮಾ ನೋಡಿಲ್ಲದವರಿಗೆ: 2009ರದು, ಸ್ಕಾಟ್ ಕೂಪರ್ ಡೈರೆಕ್ಟ್ ಮಾಡಿದ್ದು. ಬ್ಯಾಡ್ ಬ್ಲೇಕ್ ಅನ್ನೋ 57 ವರ್ಷದ ಕಂಟ್ರಿ ಗಾಯಕ (ಕಂಟ್ರಿ ಅಂದ್ರೆ ಅಮೆರಿಕದ ದಕ್ಷಿಣದ ಕಡೆ ಬೆಳೆದ ಒಂದು ಬಗೆಯ ಜನಪ್ರಿಯ ಸಂಗೀತ), ಒಂದು ಕಾಲಕ್ಕೆ ಹೆಸರಿದ್ದೋನು, ಈಗ ಕುಡಿತಕ್ಕೆ ಬಿದ್ದು ಊರೂರಿಗೆ ತಾನೇ ಗಾಡಿ ಓಡಿಸ್ಕೊಂಡು ಹೋಗಿ ಬಾರು, ಬೌಲಿಂಗ್ ಆಟದ ಜಾಗ ಅಂತ ಸಿಕ್ಕಲ್ಲಿ ಹಾಡ್ತಾ ಇರ್ತಾನೆ, ಅಲ್ಲೂ ಕುಡಿಯೋಕೆ ಅವನಿಗೆ ಲೆಕ್ಕ ಬರೆಸೋ ಹಾಗಿಲ್ಲ, ಕಾಸು ಕೊಟ್ಟೇ ಕುಡೀಬೇಕು. ಅವನ ಕೈಕೆಳಗೆ ಬೆಳೆದ ಹುಡುಗ ಟಾಮಿ ಸ್ವೀಟ್ ಈಗ ದೊಡ್ಡ ಸ್ಟಾರು. ಬ್ಲೇಕ್ ಪಾತ್ರ ಮಾಡಿದ ಜೆಫ್ ಬ್ರಿಜಸ್ ಹಾಡುಗಳನ್ನ ತಾನೇ ಹಾಡಿದಾನೆ, ಆ ವರ್ಷದ ಉತ್ತಮ ನಟ ಆಸ್ಕರ್ ಅವನಿಗೇ ಬಂತು, 'ದ ವಿಯರಿ ಕೈಂಡ್' ಹಾಡಿಗೂ ಬಂತು.

ಮೊದಲನೇ ಪ್ರಶ್ನೆ. 'ಕಂಟ್ರಿ ಗಾಯಕ' ಅನ್ನೋದನ್ನ ಏನಂತ ಬರೆಯೋದು? ಕ್ಲಬ್‌ನಲ್ಲಿ ಕೇಳಿದ್ರೆ ಒಬ್ಬೊಬ್ರು ಒಂದೊಂದು ಹೇಳಿದ್ರು. 'ನಾಡ ಸಂಗೀತ' ಅಂದ್ರೆ ಕಿವಿಗೇನೋ ಚೆನ್ನಾಗಿದೆ, ಆದ್ರೆ ನಾಡಗೀತೆ ನಾಡಹಬ್ಬ ಅಂತ ಕೇಳಿ ಕೇಳಿ ನಮಗೆ ನಾಡು ಅಂದ ತಕ್ಷಣ ಕರ್ನಾಟಕ ಅಂತ್ಲೇ ಮನಸ್ಸಿಗೆ ಬರೋದು, ಟೆಕ್ಸಾಸ್‌ನ ಗಾಯಕನಿಗೆ ಅದು ಕೂರಲ್ಲ. 'ದೇಸಿ' ಅಂತ ಒಬ್ರು ಪಟ್ಟು ಹಿಡಿದ್ರು. ಪಂಪನ ಕಾಲದಿಂದ ದೇಸಿ-ಮಾರ್ಗ ಅಂತ ಜೋಡಿ ಇದೆ, ಸಂಗೀತಶಾಸ್ತ್ರದಲ್ಲೂ ಇದೆ, ತೂಕದ ಪದ ಅದು. ಆದ್ರೆ ಈಗ ದೇಸಿ ಅಂದ್ರೆ ದೇಸಿ ತುಪ್ಪ, ದೇಸಿ ಹಸು, ಅಂದ್ರೆ ಇಂಡಿಯಾದ್ದು ಅಂತ. ಓದುಗ ಮೊದಲ ಸಾಲಲ್ಲೇ ದಾರಿ ತಪ್ಪುತಾನೆ. 'ಹಳ್ಳಿ ಹಾಡು' ನನಗೆ ಒಪ್ಪಿಗೆ ಆಗ್ಲಿಲ್ಲ, ಈ ಸಿನಿಮಾದಲ್ಲಿ ಬರೋದೆಲ್ಲ ಹೈವೇ, ಮೋಟೆಲ್, ಬಾರು, ಸ್ಟೇಡಿಯಂ, ಹಳ್ಳಿ ಎಲ್ಲಿದೆ?

ಉಳಿದಿದ್ದು 'ಜಾನಪದ'. ಇದ್ರ ಬಗ್ಗೇನೇ ಜಾಸ್ತಿ ತಲೆ ಕೆಡಿಸ್ಕೊಂಡಿರೋದು.

ಮೊದಲು ನಾನು ಜಾನಪದ ಖಂಡಿತ ಬೇಡ ಅಂದಿದ್ದೆ. ಜಾನಪದ ಅಂತ ನಾವು ಓದಿರೋದು ಬರೆದೋರ ಹೆಸರಿಲ್ಲದ್ದು, ಬಾಯಿಂದ ಬಾಯಿಗೆ ಬಂದಿದ್ದು, ಬೀಸೋವಾಗ ನಾಟಿ ಮಾಡೋವಾಗ ಹಾಡೋದು. ಕಂಟ್ರಿ ಅಂದ್ರೆ ರೇಡಿಯೋ ಮತ್ತು ರೆಕಾರ್ಡ್ ಕಂಪನಿಗಳ ಜೊತೆಗೇ ಬೆಳೆದಿದ್ದು. 1925ರಲ್ಲಿ ನ್ಯಾಶ್‌ವಿಲ್‌ನ ಡಬ್ಲ್ಯುಎಸ್‌ಎಂ ರೇಡಿಯೋದಲ್ಲಿ ಶುರುವಾದ ಕಾರ್ಯಕ್ರಮವೇ ಆಮೇಲೆ ಗ್ರ್ಯಾಂಡ್ ಓಲ್ ಆಪ್ರಿ ಅನ್ನೋ ಹೆಸರಾಂತ ಕಂಟ್ರಿ ಹಾಡಿನ ಕಾರ್ಯಕ್ರಮ ಆಯ್ತು. 1927ರಲ್ಲಿ ರಾಲ್ಫ್ ಪಿಯರ್ ಅನ್ನೋನು ವಿಕ್ಟರ್ ಕಂಪನಿ ಪರವಾಗಿ ಅಮೆರಿಕದ ಟೆನೆಸ್ಸೀ-ವರ್ಜೀನಿಯಾ ಗಡಿಯ ಬ್ರಿಸ್ಟಲ್ ಊರಿಗೆ ರೆಕಾರ್ಡಿಂಗ್ ಮಷೀನು ತಗೊಂಡು ಬಂದು ಕೂತು ಸುತ್ತಮುತ್ತಲ ಹಾಡುಗಾರರನ್ನ ರೆಕಾರ್ಡ್ ಮಾಡಿದ, ಕಾರ್ಟರ್ ಫ್ಯಾಮಿಲಿ ಮತ್ತೆ ಜಿಮ್ಮಿ ರಾಜರ್ಸ್ ಇಬ್ಬರೂ ಬೆಳಕಿಗೆ ಬಂದಿದ್ದು ಅಲ್ಲಿಂದ. ಕಾರ್ಟರ್ ಫ್ಯಾಮಿಲಿಯ ಎ.ಪಿ. ಕಾರ್ಟರ್ ಗುಡ್ಡದ ಊರುಗಳನ್ನ ಅಲೆದು ಹಳೇ ಹಾಡುಗಳನ್ನ ಕೂಡಿಸಿ, ತಿದ್ದಿ, ತನ್ನ ಹೆಸರಲ್ಲಿ ಹಕ್ಕು ಮಾಡಿಸ್ಕೊಂಡ. ನನ್ನ ಪ್ರಕಾರ ಜಾನಪದ ಕಂಟ್ರಿ ಆಗಿದ್ದು ಆ ಜಾಗದಲ್ಲೇ, ಹಾಡಿಗೆ ಒಬ್ಬ ಒಡೆಯ ಬಂದ. ಈ ಸಿನಿಮಾದ ಕಥೆ ನಿಂತಿರೋದೂ ಅದ್ರ ಮೇಲೇನೆ, ಟಾಮಿಗೆ ಬ್ಲೇಕ್ ಹತ್ರ ಹೊಸ ಹಾಡು ಬೇಕು, ಬರೆಯೋ ಶಕ್ತಿ ಇರೋದು ಬ್ಲೇಕ್‌ಗೆ, ಅದನ್ನ ಹಾಡಿ ಗೆಲ್ಲೋ ಹೆಸರಿರೋದು ಟಾಮಿಗೆ. ಯಾರು ಬರೆದಿದ್ದು, ಯಾರು ಹಾಡೋದು, ದುಡ್ಡು ಯಾರಿಗೆ ಅನ್ನೋದೇ ವಿಷಯ ಆಗಿರೋ ಕಡೆ 'ಜಾನಪದ ಗಾಯಕ' ಅಂತ ಬರೆದ್ರೆ ಕಥೇನೇ ಮಂಕಾಗುತ್ತೆ ಅನ್ನಿಸ್ತು.

ಇನ್ನೂ ಒಂದು ವಿಷಯ, ಅಮೆರಿಕದವರಿಗೇ ಈ ಹೆಸರು ಸುಲಭಕ್ಕೆ ಸಿಕ್ಕಿಲ್ಲ. ಮೊದಲು ರೆಕಾರ್ಡ್ ಕಂಪನಿಗಳು 'ಹಿಲ್‌ಬಿಲಿ' ಅಂತಿದ್ವು, ನಮ್ಮಲ್ಲಿ ಹಳ್ಳಿ ಗಮಾರ ಅಂದಷ್ಟೇ ಹೀನವಾದ ಮಾತು ಅದು. ಬಿಲ್‌ಬೋರ್ಡ್ ಪತ್ರಿಕೆ 1944ರಲ್ಲಿ ಈ ಹಾಡುಗಳಿಗೆ ಪಟ್ಟಿ ಶುರು ಮಾಡಿದಾಗ ಬಳಸಿದ್ದು 'ಫೋಕ್' ಅನ್ನೋ ಪದ. 1949ರಲ್ಲಿ ಅದನ್ನ ಬಿಟ್ಟು 'ಕಂಟ್ರಿ ಅಂಡ್ ವೆಸ್ಟರ್ನ್' ಅಂದ್ರು, 1962ರಲ್ಲಿ ಬರೀ 'ಕಂಟ್ರಿ'. ಅಂದ್ರೆ ಜಾನಪದ ಅನ್ನೋ ಅರ್ಥದ ಪದ ಅವರ ಕೈಯಲ್ಲೇ ಇತ್ತು, ಬೇರೆ ಹೆಸರು ಬೇಕು ಅಂತ ಅವರೇ ಬಿಟ್ಟರು.

ಇಷ್ಟಾದ್ಮೇಲೆ ನನ್ನ ವಾದ ಗಟ್ಟಿ ಅನ್ಕೊಂಡಿದ್ದೆ, ಆದ್ರೆ ಬಾಗಲಕೋಟೆ ಕಡೆಯ ಗೆಳೆಯರೊಬ್ರು ಒಂದು ಮಾತು ಕೇಳಿದ್ರು, 'ಅಲ್ರೀ, ನಮ್ಮ ಕಡೆ ಈಗ ಜಾನಪದ ಅಂದ್ರ ಏನು ಗೊತ್ತೇನ್ರಿ ನಿಮಗ?' ಅಂತ. ಯೂಟ್ಯೂಬ್‌ನಲ್ಲಿ 'ಉತ್ತರ ಕರ್ನಾಟಕ ಜಾನಪದ ಹಾಡು' ಅಂತ ಹುಡುಕಿದ್ರೆ ಬರೋದು ಗರತಿ ಹಾಡಲ್ಲ. ಟ್ರ್ಯಾಕ್ಟರ್ ಡ್ರೈವರ್ ಮೇಲೆ ಹಾಡು, ಕೈಕೊಟ್ಟ ಹುಡುಗಿ ಮೇಲೆ ಹಾಡು, ಊರ ಜಾತ್ರೆ ಮೇಲೆ ಹಾಡು, ಎಲ್ಲ ಹೊಸದಾಗಿ ಬರೆದಿದ್ದು, ಬರೆದೋರ ಹೆಸರು, ಹಾಡಿದೋರ ಹೆಸರು, ಸ್ಟುಡಿಯೋ ಹೆಸರು, ಫೋನ್ ನಂಬರು ಸಮೇತ ಇರುತ್ತೆ. ಟ್ರ್ಯಾಕ್ಟರ್‌ನಲ್ಲಿ ಟೇಪ್ ಹಾಕ್ಕೊಂಡು ಕೇಳೋರು ಅದನ್ನ ಜಾನಪದ ಅಂತ್ಲೇ ಕರೀತಾರೆ, ಬೇರೆ ಹೆಸರೇ ಇಲ್ಲ ಅದಕ್ಕೆ. ಯೂನಿವರ್ಸಿಟಿಯ ಜಾನಪದ ವಿಭಾಗದೋರು ಒಪ್ಪದೇ ಇರಬಹುದು, ಆದ್ರೆ ಬಳಕೆ ಅಂತ ನೋಡಿದ್ರೆ ಈ ಜಾನಪದಕ್ಕೂ ಕಂಟ್ರಿಗೂ ನಂಟು ತುಂಬಾ ಹತ್ರ: ಊರ ಭಾಷೆ, ಗಾಡಿ, ಕುಡಿತ, ಪ್ರೀತಿ, ಒಡೆಯ ಇರೋ ಹಾಡು, ಮಾರಾಟ. ಹಾಗಾದ್ರೆ ಪದ ತಾನಾಗೇ ಆ ಅರ್ಥದ ಕಡೆ ನಡೆದಿದೆ ಅಂತ ಒಪ್ಕೋಬೇಕಲ್ವಾ?

ಆದ್ರೆ ಮೈಸೂರು ಬೆಂಗಳೂರು ಕಡೆ ಓದೋರಿಗೆ ಈ ಹೊಸ ಅರ್ಥ ಅಷ್ಟಾಗಿ ಗೊತ್ತಿಲ್ಲ, ಅವರಿಗೆ ಜಾನಪದ ಅಂದ್ರೆ ಇನ್ನೂ ಕಂಸಾಳೆ, ಸೋಬಾನೆ, ಮಾದೇಶ್ವರನ ಪದ. ಅದಕ್ಕೇ ಸದ್ಯಕ್ಕೆ 'ಕಂಟ್ರಿ' ಅಂತ್ಲೇ ಬಿಟ್ಟು, ಒಂದು ಸಲ ಮಾತ್ರ 'ಉತ್ತರ ಕರ್ನಾಟಕದ ಇವತ್ತಿನ ಜಾನಪದ ಹಾಡಿನ ಥರದ್ದು' ಅಂತ ಬಿಡಿಸಿ ಬರೆಯೋಣ ಅಂತಿದೀನಿ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯೋರು ಹೇಳಿ, ನಿಮ್ಮೂರಲ್ಲಿ ಹಳೇ ಜಾನಪದಕ್ಕೂ ಈ ಹೊಸದಕ್ಕೂ ಮಾತಲ್ಲಿ ಏನಾದ್ರೂ ಫರಕು ಮಾಡ್ತೀರಾ?

ಎರಡನೇದು ಚಿಕ್ಕದು, ಆದ್ರೆ ನಂಗೆ ಇಷ್ಟವಾದ್ದು. ಈ ಸಿನಿಮಾಗೆ ಖರ್ಚಾಗಿದ್ದು ಸುಮಾರು 70 ಲಕ್ಷ ಡಾಲರ್, ಹಾಲಿವುಡ್ ಲೆಕ್ಕದಲ್ಲಿ ಸಣ್ಣ ಬಜೆಟ್ಟು. ಮೊದಲು ತಗೊಂಡ ಪ್ಯಾರಾಮೌಂಟ್ ವಾಂಟೇಜ್ ಇದನ್ನ ಥಿಯೇಟರ್‌ಗೆ ತರದೆ ಡೈರೆಕ್ಟಾಗಿ ವಿಡಿಯೋಗೆ ಬಿಡೋದು ಅಂತಿತ್ತು, ಆಮೇಲೆ ಫಾಕ್ಸ್ ಸರ್ಚ್‌ಲೈಟ್ ಕೊಂಡ್ಕೊಂಡು 2009ರ ಡಿಸೆಂಬರ್‌ನಲ್ಲಿ ಥಿಯೇಟರ್‌ಗೆ ತಂತು, 2010ರ ಮಾರ್ಚ್‌ನಲ್ಲಿ ಆಸ್ಕರ್, ಏಪ್ರಿಲ್ 20ಕ್ಕೆ ಡಿವಿಡಿ ಮತ್ತು ಬ್ಲೂರೇ. ಈ ಕಥೆ ಪರಿಚಯದಲ್ಲಿ ಬರಲೇಬೇಕು. ಮೊದಲ ಯೋಜನೆ ಹಾಗೇ ನಡೆದಿದ್ರೆ ಇಂಥಾ ನಟನೆಯನ್ನ ದೊಡ್ಡ ತೆರೆ ಮೇಲೆ ನೋಡೋ ಭಾಗ್ಯ ಯಾರಿಗೂ ಇರ್ತಿರಲಿಲ್ಲ.

ಈಗ ಆ 'ಡೈರೆಕ್ಟ್ ಟು ವಿಡಿಯೋ'. ಗಾಂಧಿನಗರದ ಮಾತಲ್ಲಿ 'ಡಬ್ಬದಲ್ಲೇ ಉಳೀತು' ಅಂತಾರೆ, ಅದು ಎಲ್ಲೂ ಬಿಡುಗಡೆ ಆಗದ ಸಿನಿಮಾಗೆ, ಇಲ್ಲಿ ಆಗಲ್ಲ. 'ಕಿರುತೆರೆಗೆ ಬಂತು' ಅಂದ್ರೆ ಟಿವಿ ಅಂತ ಆಗುತ್ತೆ. 'ತೆರೆಕಂಡಿತು' ಥಿಯೇಟರ್‌ಗೆ ಮಾತ್ರ ಸರಿ. 2020ರಲ್ಲಿ 'ಲಾ', 'ಫ್ರೆಂಚ್ ಬಿರಿಯಾನಿ' ಥಿಯೇಟರ್ ಮುಟ್ಟದೆ ಪ್ರೈಮ್‌ನಲ್ಲಿ ಬಂದ್ವಲ್ಲ, ಆಗಿಂದ 'ನೇರವಾಗಿ ಓಟಿಟಿಗೆ' ಅನ್ನೋದು ರೂಢಿ ಆಗಿದೆ, ಅದೇ ಅಚ್ಚಲ್ಲಿ 'ನೇರವಾಗಿ ವಿಡಿಯೋಗೆ' ಅಂದ್ರೆ ಅರ್ಥ ಆಗುತ್ತೆ. ಆದ್ರೆ ಕ್ಯಾಸೆಟ್ ಕಾಲದಲ್ಲಿ ನಾವು ಹೇಗೆ ಮಾತಾಡ್ತಿದ್ವಿ ಅಂತ ನೆನಪು ಮಾಡ್ಕೊಳ್ಳಿ. ವಿಡಿಯೋ ಲೈಬ್ರರಿಗೆ ಹೋಗಿ 'ಆ ಪಿಕ್ಚರ್ ರಿಲೀಸ್ ಆಯ್ತಾ' ಅಂತ ಕೇಳ್ತಿರಲಿಲ್ಲ, 'ಕ್ಯಾಸೆಟ್ ಬಂತಾ' ಅಂತಿದ್ವಿ. ಸಿನಿಮಾ ರಿಲೀಸ್ ಆಗೋದು, ಕ್ಯಾಸೆಟ್ ಬರೋದು, ಎರಡು ಬೇರೆ ಕ್ರಿಯಾಪದ. ಹಾಡಿನ ಕ್ಯಾಸೆಟ್‌ಗಾದ್ರೆ ಪೇಪರ್‌ನೋರು 'ಧ್ವನಿಸುರುಳಿ ಬಿಡುಗಡೆ' ಅಂತ ಬರೀತಿದ್ರು, ಸಮಾರಂಭ ಇರ್ತಿತ್ತು, ವೇದಿಕೆ ಮೇಲೆ ಗಣ್ಯರು ರಿಬ್ಬನ್ ಬಿಚ್ಚಿ ತೋರಿಸ್ತಿದ್ರು. ಸಿನಿಮಾ ಕ್ಯಾಸೆಟ್‌ಗೆ ಆ ಥರ ಯಾವ ಸಮಾರಂಭ ಇರ್ತಿತ್ತು ಹೇಳಿ, ಅಂಗಡಿಗೆ ಬರ್ತಿತ್ತು ಅಷ್ಟೇ. ಅದಕ್ಕೇ 'ಏಪ್ರಿಲ್‌ನಲ್ಲಿ ಡಿವಿಡಿ ಬಂತು' ಅಂತ್ಲೇ ಬರೀತೀನಿ, 'ಗೃಹ ವೀಕ್ಷಣಾ ಬಿಡುಗಡೆ' ಥರದ್ದು ಯಾರ ಬಾಯಲ್ಲೂ ನಿಲ್ಲಲ್ಲ.

ವಿಡಿಯೋ ಲೈಬ್ರರಿ ನಡೆಸಿದೋರು ಅಥವಾ ಅಲ್ಲಿ ಕೆಲಸ ಮಾಡಿದೋರು ಇಲ್ಲಿ ಯಾರಾದ್ರೂ ಇದೀರಾ? ಥಿಯೇಟರ್‌ಗೆ ಬರದೆ ಸೀದಾ ಕ್ಯಾಸೆಟ್ ಆಗಿ ಬಂದ ಪಿಕ್ಚರ್‌ಗಳಿಗೆ ಅಂಗಡಿಯಲ್ಲಿ ನಿಮ್ಮ ನಿಮ್ಮಲ್ಲೇ ಏನಾದ್ರೂ ಹೆಸರಿತ್ತಾ? ಇದ್ರೆ ದಯವಿಟ್ಟು ಯಾವ ಊರು, ಯಾವ ಸುಮಾರಿಗೆ ಅಂತಾನೂ ಸೇರಿಸಿ ಬರೀರಿ.