ಕಾವು ಕೂತ ಹೇಂಟೆಯ ಗರಿಗಳಲ್ಲಿ ಹೇನು: ಮಕ್ಕಳ ತಲೆಗೆ ಹತ್ತುತ್ತದೆಯೇ?

ಪ್ರಶ್ನೆ – ಹಿತ್ತಿಲ ಕೋಳಿಗೂಡು

ನಮ್ಮ ಹಿತ್ತಿಲಿನಲ್ಲಿ 12 ನಾಟಿ ಕೋಳಿಗಳಿವೆ. ಕಾವಿಗೆ ಕೂರಿಸಿದ್ದ ಹೇಂಟೆಯನ್ನು ನಿನ್ನೆ ಕಾಳು ತಿನ್ನಿಸಲೆಂದು ಎತ್ತಿದಾಗ, ಅದರ ಮಲದ್ವಾರದ ಸುತ್ತಲಿನ ಗರಿಗಳ ನಡುವೆ ಒಣಹುಲ್ಲಿನ ಬಣ್ಣದ, ಎಳ್ಳುಕಾಳಿನಷ್ಟು ದೊಡ್ಡ ಚಪ್ಪಟೆ ಹುಳುಗಳು ಸರಸರನೆ ಓಡಿದವು. ಗರಿಗಳ ಬುಡದಲ್ಲಿ ಬಿಳಿಯ ಸೀರು ಗೊಂಚಲುಗಟ್ಟಿ ಅಂಟಿಕೊಂಡಿದೆ. ಗೂಡಿಗೆ ಬೂದಿ ಚೆಲ್ಲಿ ಕಾವಿನ ಬುಟ್ಟಿಗೆ ಬೇವಿನ ಸೊಪ್ಪು ಹಾಸಿದರೆ ಸಾಕೆಂದು ನಮ್ಮ ಅತ್ತೆಯವರು ಹೇಳುತ್ತಾರೆ. ಕೋಳಿಗಳನ್ನು ಸದಾ ಎತ್ತಿಕೊಂಡೇ ಇರುವ ನನ್ನ ಇಬ್ಬರು ಹೆಣ್ಣುಮಕ್ಕಳ ತಲೆಗೆ ಈ ಹೇನು ಹತ್ತುವುದೇ ಎಂಬುದು ನನ್ನ ಮೊದಲ ಚಿಂತೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ – ನಿವೃತ್ತ ಪಶುವೈದ್ಯ

ಮಕ್ಕಳ ತಲೆಯ ಚಿಂತೆಯನ್ನು ಬಿಡಿ. ಮನುಷ್ಯರಲ್ಲಿ ನೆಲೆಸುವ ಮೂರು ಬಗೆಯ ಹೇನುಗಳೂ ರಕ್ತ ಹೀರುವಂಥವು. ಹಕ್ಕಿಗಳ ಹೇನಾದರೋ ದವಡೆಯಿಂದ ಕಡಿದು ಅಗಿಯುವ ಬೇರೆಯೇ ಪಂಗಡಕ್ಕೆ ಸೇರಿದ್ದು. ಕೋಳಿಯನ್ನು ಹಿಡಿದಾಗ ಒಂದೆರಡು ಕೈಮೇಲೆ ಹರಿದಾಡಬಹುದು, ಆದರೆ ಅವು ಅಲ್ಲಿ ಬದುಕಿ ಸೀರಿಡಲಾರವು.

ನಿಮ್ಮ ವಿವರಣೆಯಿಂದ ಇದು ಕೋಳಿಯ ಮೈಹೇನು, ಅಂದರೆ ಮೆನಕ್ಯಾಂಥಸ್ ಸ್ಟ್ರಾಮಿನಿಯಸ್, ಎಂದು ತೋರುತ್ತದೆ. ಗರಿಯ ಚೂರುಗಳನ್ನೂ ಚರ್ಮದ ಹೊಟ್ಟನ್ನೂ ತಿನ್ನುವ ಇದು ಎಳೆಗರಿಯ ಬುಡವನ್ನು ಕಚ್ಚಿ, ಒಸರಿದ ರಕ್ತವನ್ನೂ ಸೇವಿಸುತ್ತದೆ. ಆದ್ದರಿಂದ ಹೇನು ಹೆಚ್ಚಾದ ಕೋಳಿಯ ಚರ್ಮ ಕೆಂಪಾಗಿ ಹಕ್ಕಳೆಗಟ್ಟುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ, ಕಾವು ಕೂತ ಹೇಂಟೆ ಕಿರಿಕಿರಿ ತಾಳಲಾರದೆ ಬುಟ್ಟಿಯಿಂದ ಎದ್ದುಬಿಡುವುದೂ ಉಂಟು.

ಮುಖ್ಯವಾಗಿ ಗಮನಿಸಬೇಕಾದದ್ದು, ಈ ಹೇನಿನ ಇಡೀ ಬಾಳು ಕೋಳಿಯ ಮೈಮೇಲೆಯೇ ನಡೆಯುತ್ತದೆ ಎಂಬುದನ್ನು. ಸೀರು ನಾಲ್ಕರಿಂದ ಏಳು ದಿನಗಳಲ್ಲಿ ಒಡೆದು, ಮರಿ ಮೂರು ಸಲ ಪೊರೆ ಬಿಟ್ಟು, ಸುಮಾರು ಮೂರು ವಾರಗಳಲ್ಲಿ ಮತ್ತೊಂದು ತಲೆಮಾರು ಸಿದ್ಧವಾಗುತ್ತದೆ. ಕೋಳಿಯಿಂದ ಕೆಳಗೆ ಬಿದ್ದ ಹೇನು ಒಂದು ವಾರದಾಚೆ ಉಳಿಯುವುದು ಅಪರೂಪ. ಆದ್ದರಿಂದ ಗೂಡಿಗೆ ಎಷ್ಟು ಬೂದಿ ಚೆಲ್ಲಿದರೂ ಅದು ರೋಗ ಇರುವಲ್ಲಿಗೆ ಮದ್ದು ತಲುಪಿಸಿದಂತಾಗದು. ಕೋಳಿಗಳಿಗೆ ಬಳಸಲು ಅನುಮತಿಯಿರುವ ಪರ್ಮೆಥ್ರಿನ್ ಪುಡಿಯನ್ನು ಪಶುವೈದ್ಯರ ಸಲಹೆಯಂತೆ ಪಡೆದು, ರೆಕ್ಕೆಯ ಕೆಳಗೆ ಮತ್ತು ಮಲದ್ವಾರದ ಸುತ್ತ ಗರಿಗಳನ್ನು ಬಿಡಿಸಿ ಚರ್ಮಕ್ಕೆ ತಾಗುವಂತೆ ಹಚ್ಚಬೇಕು. ಮದ್ದಿನಿಂದ ಸೀರು ಸಾಯುವುದಿಲ್ಲವಾದ್ದರಿಂದ ಹತ್ತು ದಿನಗಳೊಳಗೆ ಎರಡನೆಯ ಸಲ ಹಚ್ಚುವುದನ್ನು ಮರೆಯಬಾರದು, ಮರೆಯುವವರೇ ಹೆಚ್ಚು. ಹನ್ನೆರಡು ಕೋಳಿಗಳಿಗೂ ಒಂದೇ ದಿನ ಹಚ್ಚಿ, ಮೊಟ್ಟೆಯನ್ನು ಎಷ್ಟು ದಿನ ತಿನ್ನಬಾರದೆಂದು ಡಬ್ಬಿಯ ಮೇಲೆ ಬರೆದಿರುವುದನ್ನು ಪಾಲಿಸಿ.

ಉತ್ತರ – ಕುರಿಹಟ್ಟಿ

ಹಿರಿಯರು ಹೇಳಿದ್ದು ಸರಿ, ಆದರೆ ಹುಳುವಿಗೆ ಆರು ಕಾಲುಗಳಿವೆಯೇ ಎಂಟಿವೆಯೇ ಎಂಬುದನ್ನು ಮೊದಲು ನೋಡಿಕೊಳ್ಳಿ. ಎಂಟು ಕಾಲಿನದು ನುಸಿ. ನಮ್ಮ ಮನೆಯಲ್ಲಿ ಮರಿಗಳನ್ನು ಕರೆದುಕೊಂಡು ಹೇಂಟೆ ಹೊರಟುಹೋದ ಮೇಲೆ ಕಾವಿನ ಬುಟ್ಟಿಯನ್ನು ಅಡುಗೆಮನೆಯ ಪಕ್ಕದಲ್ಲೇ ಬಿಟ್ಟಿದ್ದೆವು. ಎರಡು ದಿನಗಳಲ್ಲಿ ಮನೆಮಂದಿಯೆಲ್ಲ ಮೈ ಕೆರೆದುಕೊಳ್ಳತೊಡಗಿದೆವು. ನುಸಿಗೆ ಮನುಷ್ಯರನ್ನು ಕಚ್ಚಲು ಸಂಕೋಚವಿಲ್ಲ. ಕೆಂಪು ನುಸಿ ಹಗಲೆಲ್ಲ ಮರದ ಸಂದುಗಳಲ್ಲಿ ಅಡಗಿದ್ದು ರಾತ್ರಿ ಮಾತ್ರ ರಕ್ತ ಹೀರುತ್ತದೆ, ಹಾಗಾಗಿ ಹಗಲು ಕೋಳಿಯನ್ನು ಎಷ್ಟು ತಡಕಿದರೂ ಸಿಗದು. ಕತ್ತಲಾದ ಮೇಲೆ ಟಾರ್ಚ್ ಹಿಡಿದು, ಕೋಳಿ ಕೂರುವ ಗಳುವಿನ ಅಡಿಭಾಗವನ್ನು ಬಿಳಿ ಬಟ್ಟೆಯಿಂದ ಒತ್ತಿ ಒರೆಸಿರಿ. ಬಟ್ಟೆಗೆ ರಕ್ತದ ಕಲೆ ಹತ್ತಿದರೆ ಆಗ ಗೂಡಿಗೇ ಮದ್ದು ಮಾಡಬೇಕು.

ಉತ್ತರ – ಗರಿಪ್ರಿಯ

ಹಕ್ಕಿಗೆ ಹೇನಿನ ವಿರುದ್ಧ ಇರುವ ಮೊದಲ ಆಯುಧ ಅದರ ಕೊಕ್ಕು. ಪಾರಿವಾಳದ ಮೇಲ್ಕೊಕ್ಕಿನ ತುದಿ ಕೆಳಕೊಕ್ಕಿಗಿಂತ ಕೊಂಚ ಮುಂದೆ ಚಾಚಿ ಬಾಗಿರುತ್ತದೆ; ಅಷ್ಟು ಸಣ್ಣ ಕೊಂಕನ್ನು ಕತ್ತರಿಸಿದರೆ ಸಾಕು, ಹೇನುಗಳು ಹಲವು ಪಟ್ಟು ಹೆಚ್ಚುತ್ತವೆಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇಲ್ ಕ್ಲೇಟನ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಕೊಕ್ಕು ಕತ್ತರಿಸಿದ ಮೊಟ್ಟೆಕೋಳಿಗಳಲ್ಲಿ ಹೇನು ಹೆಚ್ಚಿರುವುದಕ್ಕೂ ಇದೇ ಕಾರಣ. ಎರಡನೆಯ ಆಯುಧ ಧೂಳಿನಲ್ಲಿ ಹೊರಳುವುದು. ಕಾವು ಕೂತ ಹೇಂಟೆಗೆ ಎರಡಕ್ಕೂ ಬಿಡುವು ಸಾಲದು, ಹೇನು ಅಲ್ಲಿಯೇ ಮೊದಲು ಕಾಣಿಸಿದ್ದು ಆಶ್ಚರ್ಯವಲ್ಲ. ಅತ್ತೆಯವರ ಬೂದಿಯನ್ನು ಗೂಡಿಗೆ ಚೆಲ್ಲುವ ಬದಲು ಒಣಮಣ್ಣಿನೊಡನೆ ಒಂದು ಗುಂಡಿಗೆ ಹಾಕಿ, ಕೋಳಿಗಳೇ ಹೊರಳಿಕೊಳ್ಳಲಿ. ಇಂಥ ಧೂಳಿಗೆ ಗಂಧಕದ ಪುಡಿ ಬೆರೆಸಿದಾಗ ಹೇನು ಬಹಳವಾಗಿ ತಗ್ಗಿದ್ದು ಪ್ರಯೋಗಗಳಲ್ಲಿ ಕಂಡಿದೆ.

ವಿಷಯಕ್ಕೆ ತುಸು ಹೊರಗಿನದಾದರೂ ಒಂದು ಮಾತು. ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ರಣಹದ್ದಿನ ಸಂತತಿಯನ್ನು ಉಳಿಸಲೆಂದು, ಕಾಡಿನಲ್ಲಿ ಉಳಿದಿದ್ದ ಕೊನೆಯ ಹಕ್ಕಿಯನ್ನೂ 1987ರಲ್ಲಿ ಹಿಡಿದು ತಂದರು. ಹಿಡಿದ ಹಕ್ಕಿಗಳಿಗೆಲ್ಲ ಹೇನಿನ ಮದ್ದು ಹಚ್ಚಿದರು. ಆ ಹದ್ದಿನ ಮೇಲೆ ಮಾತ್ರ ಬದುಕುತ್ತಿದ್ದ ಒಂದು ಜಾತಿಯ ಹೇನು ಅಲ್ಲಿಂದಾಚೆಗೆ ಎಲ್ಲಿಯೂ ಕಂಡಿಲ್ಲ.

ಮರುಪ್ರಶ್ನೆ – ಹಿತ್ತಿಲ ಕೋಳಿಗೂಡು

ಎಲ್ಲರಿಗೂ ವಂದನೆಗಳು. ಭೂತಗನ್ನಡಿಯಲ್ಲಿ ನೋಡಿದೆ, ಆರೇ ಕಾಲುಗಳಿವೆ. ರಾತ್ರಿ ಒರೆಸಿದ ಬಟ್ಟೆಗೆ ಕಲೆ ಹತ್ತಲಿಲ್ಲ. ಕೋಳಿಗೂಡಿನ ಪಕ್ಕದಲ್ಲೇ ಕಟ್ಟುವ ಮೇಕೆಯೂ ಕಂಬಕ್ಕೆ ಮೈ ಉಜ್ಜುತ್ತಿದೆ. ಅದು ಕೋಳಿಯಿಂದಲೇ ಹತ್ತಿರಬಹುದೇ?

ಉತ್ತರ – ನಿವೃತ್ತ ಪಶುವೈದ್ಯ

ಮೈಹೇನು ಹಾಗೆ ಹತ್ತುವುದಿಲ್ಲ. ಮೇಕೆಗೆ ತನ್ನದೇ ಅಗಿಯುವ ಹೇನಿದೆ, ಜೊತೆಗೆ ರಕ್ತ ಹೀರುವ ಹೇನೂ ಇದೆ. ಕೂದಲನ್ನು ಬಿಡಿಸಿ ಒಂದನ್ನು ಹಿಡಿದು ನಿಮ್ಮ ಭೂತಗನ್ನಡಿಯಲ್ಲೇ ನೋಡಿರಿ: ತಲೆ ಎದೆಗಿಂತ ಅಗಲವಾಗಿದ್ದರೆ ಅಗಿಯುವಂಥದು, ಕಿರಿದಾಗಿ ಚೂಪಾಗಿದ್ದರೆ ಹೀರುವಂಥದು. ಹೀರುವ ಹೇನಿಗೆ ಕೊಡುವ ಚುಚ್ಚುಮದ್ದು ರಕ್ತದ ಮೂಲಕ ಕೆಲಸ ಮಾಡುವುದರಿಂದ ಅಗಿಯುವ ಹೇನಿನ ಮೇಲೆ ಅಷ್ಟಾಗಿ ನಾಟದು, ಅದಕ್ಕೆ ಮೈಮೇಲೆ ಹಚ್ಚುವ ಮದ್ದೇ ಬೇಕು. ಯಾವುದೆಂದು ನೋಡಿಕೊಂಡೇ ಆಸ್ಪತ್ರೆಗೆ ಹೋಗಿ. ಸಾಧ್ಯವಾದರೆ ಪಾರದರ್ಶಕ ಅಂಟುಪಟ್ಟಿಗೆ ಒಂದನ್ನು ಅಂಟಿಸಿಕೊಂಡು ಹೋಗಿ ತೋರಿಸಿ.